ಕೊಳ್ಳುವ ಮೊದಲು ಮನೆಯ ಲೈನು ನೋಡಿ: ಮಲೆನಾಡಿನಲ್ಲಿ ಮೊಬೈಲ್, ಫ್ರಿಜ್, ಗೀಸರ್ ಖರೀದಿಗೆ ಸಮಗ್ರ ಮಾರ್ಗದರ್ಶಿ

ಶಿವಮೊಗ್ಗದ ನೆಹರೂ ರಸ್ತೆಯ ಮಳಿಗೆಯಲ್ಲಿ ಎಸಿ ಗಾಳಿಯಲ್ಲಿ ನಿಂತಿರುವ ಫ್ರಿಜ್, ಹೊಸನಗರದಾಚೆಯ ತೋಟದ ಮನೆಗೆ ಬಂದ ಮೇಲೆ ಬಾಳಬೇಕಾದದ್ದು ಬೇರೆಯದೇ ಲೋಕದಲ್ಲಿ. ಸಂಜೆಯಾದರೆ ಕುಗ್ಗುವ ವೋಲ್ಟೇಜು, ಭರಣಿ-ಕೃತ್ತಿಕೆ ಮಳೆಯ ಸಿಡಿಲು, ಆರಿದ್ರಾ ಹಿಡಿದ ಮೇಲೆ ಗೋಡೆ ಬಿಡದ ತೇವ, ತಂತಿಯ ಮೇಲೆ ಬೀಳುವ ಮರ. ಇಷ್ಟಾಗಿ ಕೆಟ್ಟರೆ ರಿಪೇರಿಯವರು ಬರುವುದು ಮೂವತ್ತು ನಲವತ್ತು ಕಿಲೋಮೀಟರ್ ದೂರದಿಂದ. ಹಾಗಾಗಿ ಅಡಿಕೆ ಕೊಟ್ಟ ದುಡ್ಡು ಕೈಗೆ ಬಂದ ವಾರವೇ ಪೇಟೆಗೆ ಓಡಬೇಡಿ. ಮೊದಲು ಮನೆಯ ಸ್ವಿಚ್‌ಬೋರ್ಡಿನ ಮುಂದೆ ಹತ್ತು ನಿಮಿಷ ನಿಲ್ಲಿ.

ವೋಲ್ಟೇಜ್ ಮತ್ತು ಅರ್ಥಿಂಗ್

ಒಂದು ಸಾಧಾರಣ ಡಿಜಿಟಲ್ ಮಲ್ಟಿಮೀಟರ್ ಸಾಕು. ಬಳಸಿ ಅಭ್ಯಾಸವಿಲ್ಲದಿದ್ದರೆ ಊರಿನ ವೈರಿಂಗ್‌ನವರನ್ನೇ ಕರೆಸಿ. ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತು ಪ್ರಯೋಗ ಮಾಡುವ ಕೆಲಸ ಇದಲ್ಲ. ಮೀಟರನ್ನು ಎಸಿ 750 ವೋಲ್ಟ್ ಅಥವಾ ಅದರ ಹತ್ತಿರದ ಮಟ್ಟಕ್ಕೆ ತಿರುಗಿಸಿ, ಮೂರು ತೂತಿನ ಸಾಕೆಟ್ಟಿನಲ್ಲಿ ಮೂರು ಅಳತೆ ತೆಗೆದುಕೊಳ್ಳಿ.

ಫೇಸ್ (ಕರೆಂಟು ಬರುವ ತಂತಿ) ಮತ್ತು ನ್ಯೂಟ್ರಲ್ (ಕರೆಂಟು ಮರಳುವ ತಂತಿ) ನಡುವೆ 230ರ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ (ಭೂಮಿಗೆ ಹೋಗುವ ತಂತಿ) ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಮೂರ್ನಾಲ್ಕು ವೋಲ್ಟ್ ದಾಟಬಾರದು. ಎರಡನೆಯ ಅಳತೆ ನೂರು, ನೂರಿಪ್ಪತ್ತು ಎಂದು ತೋರಿಸಿದರೆ ಅರ್ಥಿಂಗ್ ತಂತಿ ಎಲ್ಲೋ ಕಡಿದಿದೆ, ಇಲ್ಲವೆ ಅರ್ಥ್ ಗುಂಡಿ ಒಣಗಿ ಹೋಗಿದೆ. ಜಂಬಿಟ್ಟಿಗೆಯ ನೆಲದಲ್ಲಿ ಬೇಸಿಗೆಯ ಕೊನೆಗೆ ಇದು ಸಾಮಾನ್ಯ. ಮಳೆಗಾಲದಲ್ಲಿ ಅಳೆದವರಿಗೆ ಸರಿಯಾಗಿಯೇ ಕಾಣುತ್ತದೆ, ಏಪ್ರಿಲ್‌ನಲ್ಲಿ ಮಾತ್ರ ಗುಟ್ಟು ಹೊರಬೀಳುತ್ತದೆ. ಅರ್ಥಿಂಗ್ ಇಲ್ಲದ ಮನೆಗೆ ಗೀಸರ್, ವಾಷಿಂಗ್ ಮಷಿನ್ ತರುವುದೆಂದರೆ ಅಪಾಯವನ್ನು ದುಡ್ಡು ಕೊಟ್ಟು ಮನೆಗೆ ಕರೆದಂತೆ. ಹೊಸ ಅರ್ಥ್ ಗುಂಡಿಗೂ ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿಗೂ ಆಗುವ ಖರ್ಚನ್ನು ಗೀಸರ್ ಬೆಲೆಯಲ್ಲೇ ಸೇರಿಸಿ ಲೆಕ್ಕ ಹಾಕಿ. ಕರೆಂಟು ಮೈಯ ಮೂಲಕ ಭೂಮಿಗೆ ಸೋರತೊಡಗಿದ ಕ್ಷಣವೇ ಲೈನು ಕತ್ತರಿಸುವುದು ಆರ್‌ಸಿಸಿಬಿ. ಎಂಸಿಬಿ ಆ ಕೆಲಸ ಮಾಡುವುದಿಲ್ಲ, ಅದು ಓವರ್‌ಲೋಡ್ ಮತ್ತು ಶಾರ್ಟ್ ಸರ್ಕ್ಯೂಟಿಗೆ ಮಾತ್ರ.

ವೋಲ್ಟೇಜನ್ನು ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಪಂಪ್‌ಸೆಟ್ಟುಗಳು ಓಡುವಾಗ, ಸಂಜೆ ಏಳೂವರೆಗೆ, ಹೀಗೆ ಮೂರು ಹೊತ್ತು, ಎರಡು ದಿನ ಬರೆದಿಡಿ. ಆ ಚೀಟಿ ಅಂಗಡಿಯವರ ಮಾತಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ವೋಲ್ಟೇಜ್ ಇಳಿದರೆ ಎಷ್ಟು ವ್ಯತ್ಯಾಸವಾಗುತ್ತದೆ ಎನ್ನುವಿರಾದರೆ: 2000 ವ್ಯಾಟಿನ, 15 ಲೀಟರ್ ಗೀಸರ್ 230 ವೋಲ್ಟಿನಲ್ಲಿ 20 ಡಿಗ್ರಿಯ ನೀರನ್ನು 50 ಡಿಗ್ರಿಗೆ ತರಲು ಸುಮಾರು 16 ನಿಮಿಷ ತೆಗೆದುಕೊಳ್ಳುತ್ತದೆ. ವೋಲ್ಟೇಜ್ 180ಕ್ಕೆ ಇಳಿದರೆ ಅದೇ ಗೀಸರ್ 1225 ವ್ಯಾಟ್ ಮಾತ್ರ ಎಳೆಯುತ್ತದೆ, 26 ನಿಮಿಷ ಬೇಕಾಗುತ್ತದೆ. ಬಿಸಿಮಾಡುವ ಕಾಯಿಲ್ ಮಾತ್ರ ಇರುವ ಉಪಕರಣಕ್ಕೆ ಕಡಿಮೆ ವೋಲ್ಟೇಜಿನಿಂದ ಹಾನಿಯಿಲ್ಲ, ತಡವಾಗುತ್ತದೆ ಅಷ್ಟೆ. ಕಂಪ್ರೆಸರ್ ಮತ್ತು ಮೋಟಾರಿನ ಕಥೆ ಹಾಗಲ್ಲ. ಅವು ತಿರುಗಲಾರದೆ ಹೆಚ್ಚು ಕರೆಂಟು ಎಳೆದು ಬಿಸಿಯಾಗಿ, ವೈಂಡಿಂಗ್ ಸುಟ್ಟುಕೊಳ್ಳುತ್ತವೆ.

ಇದಕ್ಕಿಂತ ಕೆಟ್ಟದ್ದು ನ್ಯೂಟ್ರಲ್ ಕಡಿಯುವುದು. ಮಳೆಗಾಳಿಗೆ ಟ್ರಾನ್ಸ್‌ಫಾರ್ಮರ್ ಬಳಿಯ ನ್ಯೂಟ್ರಲ್ ತಂತಿ ಹರಿದರೆ ಮನೆಗೆ 230ರ ಬದಲು 400ರ ಹತ್ತಿರ ನುಗ್ಗಬಹುದು. ಒಂದೇ ರಾತ್ರಿ ಕೇರಿಯ ಟಿವಿ, ಸೆಟ್‌ಟಾಪ್ ಬಾಕ್ಸ್, ಚಾರ್ಜರುಗಳೆಲ್ಲ ಸುಟ್ಟಿವೆ ಎಂದರೆ ಹೆಚ್ಚಾಗಿ ಇದೇ ಕಾರಣ. ಬಲ್ಬುಗಳು ಕೆಲವು ಮನೆಯಲ್ಲಿ ವಿಪರೀತ ಪ್ರಕಾಶ, ಕೆಲವು ಮನೆಯಲ್ಲಿ ಮಂಕಾಗಿ ಉರಿಯತೊಡಗಿದರೆ ಅದೇ ಸೂಚನೆ: ತಕ್ಷಣ ಮೇನ್ ಇಳಿಸಿ ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿ. ಮೇನ್ ಬೋರ್ಡಿಗೆ ಹಾಕಿಸುವ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಇದನ್ನು ತಡೆಯುತ್ತದೆ. ಮಲೆನಾಡಿನ ಹಳ್ಳಿ ಮನೆಗೆ ಐದು ಸ್ಟಾರಿನ ಫ್ರಿಜ್‌ಗಿಂತ ಮೊದಲು ಬರಬೇಕಾದ ಸಾಮಾನು ಇದು.

ಸ್ಟೆಬಿಲೈಸರಿಗೆ ಸಿಡಿಲು ತಡೆಯುವ ಶಕ್ತಿ ಇಲ್ಲ. ಅದಕ್ಕೆ ಬೇರೆಯದೇ ಸರ್ಜ್ ಪ್ರೊಟೆಕ್ಷನ್ ಡಿವೈಸ್ ಇದೆ, ಅದೂ ಅರ್ಥಿಂಗ್ ಸರಿಯಿದ್ದರೆ ಮಾತ್ರ ಕೆಲಸ ಮಾಡುತ್ತದೆ. ಗುಡುಗು ದೂರದಲ್ಲಿ ಕೇಳಿದಾಗಲೇ ಪ್ಲಗ್ ಕೀಳುವುದು ಈಗಲೂ ಒಳ್ಳೆಯ ಪದ್ಧತಿ. ಸ್ವಿಚ್ ಆರಿಸಿದರೆ ಸಾಲದು, ಸ್ವಿಚ್ ಕತ್ತರಿಸುವುದು ಫೇಸ್ ಒಂದನ್ನೇ. ಡಿಶ್‌ನಿಂದ ಬರುವ ಕೇಬಲನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿಡಿ. ಮಾಡಿನ ಮೇಲಿನ ಆ ಬಟ್ಟಲಿನ ಮೂಲಕವೂ ಸಿಡಿಲಿನ ಹೊಡೆತ ಒಳಗೆ ಬರುತ್ತದೆ.

ಗುರುತು ಓದುವುದು

ಗೀಸರ್, ನೀರು ಕಾಯಿಸುವ ರಾಡು, ಇಸ್ತ್ರಿಪೆಟ್ಟಿಗೆ, ರೂಮ್ ಹೀಟರ್, ವೈರು, ಪ್ಲಗ್ಗು-ಸಾಕೆಟ್ಟು ಇವಕ್ಕೆಲ್ಲ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲ್ಗಡೆ ಐಎಸ್ ಸಂಖ್ಯೆ ಇರಬೇಕು: ಉದಾಹರಣೆಗೆ ಪಿವಿಸಿ ವೈರಿಗೆ 694, ಪ್ಲಗ್ಗು-ಸಾಕೆಟ್ಟಿಗೆ 1293. ಕೆಳಗಡೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಐಎಸ್‌ಐ ಎಂದು ಅಚ್ಚು ಹಾಕಿ ಮೇಲೆ ಕೆಳಗೆ ಏನೂ ಇಲ್ಲದಿದ್ದರೆ ಅದು ನಕಲಿ ಎಂದೇ ತಿಳಿದು ಕೆಳಗಿಡಿ. ಮೊಬೈಲಿನಲ್ಲಿ, ಈ ಗುರುತು ಕೊಡುವ ಬಿಐಎಸ್ ಸಂಸ್ಥೆಯ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು, ಅಂಗಡಿಯಲ್ಲೇ ನಿಂತು ಆ ಸಂಖ್ಯೆ ಹೊಡೆದು ನೋಡಬಹುದು. ಯಾವ ಕಂಪನಿ, ಯಾವ ವಸ್ತು, ಲೈಸೆನ್ಸ್ ಚಾಲ್ತಿಯಲ್ಲಿದೆಯೇ ಎಲ್ಲ ಬರುತ್ತದೆ. ಕೈಯಲ್ಲಿರುವುದು ಇಸ್ತ್ರಿಪೆಟ್ಟಿಗೆ, ಪರದೆಯ ಮೇಲೆ ಬಂದದ್ದು ಸಿಮೆಂಟು ಎಂದಾದರೆ ಮುಂದೆ ಮಾತು ಬೇಡ.

ಮೊಬೈಲು, ಚಾರ್ಜರು, ಪವರ್ ಬ್ಯಾಂಕು, ಎಲ್‌ಇಡಿ ಬಲ್ಬು, ಟಿವಿಗಳಿಗೆ ಐಎಸ್‌ಐ ಬದಲು ನೋಂದಣಿ ಗುರುತು ಇರುತ್ತದೆ: ಇಂಗ್ಲಿಷಿನ ಆರ್ ಅಕ್ಷರ, ಗೆರೆ, ಮುಂದೆ ಎಂಟು ಅಂಕಿ. ಅದನ್ನೂ ಇದೇ ಆ್ಯಪ್‌ನಲ್ಲಿ ಪರೀಕ್ಷಿಸಬಹುದು. ಜಾತ್ರೆಯಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ ಸಿಗುವ ನೂರು ರೂಪಾಯಿಯ ಚಾರ್ಜರಿನಲ್ಲಿ ಈ ಸಂಖ್ಯೆ ಹುಡುಕಿ ನೋಡಿ. ಅಗ್ಗದ ಆಸೆಗೆ ಮುಗ್ಗಲು ಜೋಳ ಕೊಂಡಂತೆ ಆಗುವುದು ಅಲ್ಲೇ. ಒಳಗೆ 230 ವೋಲ್ಟನ್ನೂ 5 ವೋಲ್ಟನ್ನೂ ಬೇರೆ ಮಾಡುವ ಅಂತರ ತೀರಾ ಕಡಿಮೆ ಇರುವ ಚಾರ್ಜರುಗಳು ತೇವದ ದಿನಗಳಲ್ಲಿ ಮೊಬೈಲಿನ ಲೋಹದ ಅಂಚಿಗೇ ಕರೆಂಟು ಹರಿಸುತ್ತವೆ.

ಸ್ಟಾರ್ ಲೇಬಲ್ ಓದುವಾಗ ನಕ್ಷತ್ರ ಎಣಿಸುವ ಮೊದಲು ಅದು ಯಾವ ಅವಧಿಗೆ ಕೊಟ್ಟದ್ದು ಎಂದು ನೋಡಿ. ಮಾನದಂಡ ಆಗಾಗ ಬಿಗಿಯಾಗುವುದರಿಂದ ಹಳೆಯ ಅವಧಿಯ ಐದು ಸ್ಟಾರು ಹೊಸ ಲೆಕ್ಕದಲ್ಲಿ ಮೂರು ನಾಲ್ಕಕ್ಕೆ ಇಳಿದಿರಬಹುದು. ಫ್ರಿಜ್‌ಗೆ ವರ್ಷಕ್ಕೆ ಎಷ್ಟು ಯೂನಿಟ್ ಎಂಬ ಅಂಕಿ ಅದೇ ಲೇಬಲಿನಲ್ಲಿದೆ. ಎರಡು ಮಾಡೆಲ್ ಹೋಲಿಸಲು ಅದೇ ನೇರ ದಾರಿ.

ಒಂದೊಂದರದೂ ಒಂದೊಂದು ತಕರಾರು

ವಾಷಿಂಗ್ ಮಷಿನ್: ಇಲ್ಲಿ ಹೆಚ್ಚಿನವರು ಎಡವುವುದು ನೀರಿನ ಒತ್ತಡದಲ್ಲಿ. ಫುಲ್ಲಿ ಆಟೋಮ್ಯಾಟಿಕ್ ಮಷಿನ್‌ಗಳು ಸಾಮಾನ್ಯವಾಗಿ ಸುಮಾರು 0.3 ಬಾರ್ ಒತ್ತಡ ಕೇಳುತ್ತವೆ, ಅಂದರೆ ನಲ್ಲಿಗಿಂತ ಟ್ಯಾಂಕು ಕನಿಷ್ಠ 3 ಮೀಟರ್ ಎತ್ತರದಲ್ಲಿರಬೇಕು. ಹಂಚಿನ ಮನೆಯಲ್ಲಿ ಟ್ಯಾಂಕು ಬಚ್ಚಲಿನ ಮಾಡಿಗಿಂತ ಸ್ವಲ್ಪವೇ ಮೇಲಿರುತ್ತದೆ. ನೀರು ತುಂಬಲಾಗದೆ ಮಷಿನ್ ಎರರ್ ತೋರಿಸಿ ನಿಲ್ಲುತ್ತದೆ, ಬಂದ ಮೆಕ್ಯಾನಿಕ್ ಮಷಿನ್ ಸರಿಯಿದೆ ಎಂದು ಬರೆದು ಹೋಗುತ್ತಾನೆ. ಅವನ ಮಾತೂ ನಿಜವೇ. ಗುಡ್ಡದ ಮೇಲಿನ ಅಬ್ಬಿ ನೀರು ಪೈಪಿನಲ್ಲಿ ನೇರ ಬರುವ ಮನೆಗಳಿಗೆ ಈ ತೊಂದರೆ ಇಲ್ಲ. ಆದರೆ ಎಲೆಯ ಚೂರು, ಮಣ್ಣು ಸೇರಿ ಒಳಗಿನ ಜಾಲರಿ ಕಟ್ಟಿಕೊಳ್ಳುತ್ತದೆ. ನಲ್ಲಿಗೆ ಮೊದಲೇ ಒಂದು ಫಿಲ್ಟರ್ ಬೇಕು. ಟ್ಯಾಂಕು ಎತ್ತರಿಸಲಾಗದಿದ್ದರೆ ಸೆಮಿ ಆಟೋಮ್ಯಾಟಿಕ್ ಕೊಳ್ಳುವುದರಲ್ಲಿ ನಾಚಿಕೆಯೇನಿಲ್ಲ, ಕೊಡದಲ್ಲಿ ಸುರಿದರೂ ಅದು ತೊಳೆಯುತ್ತದೆ. ಅಡಿಭಾಗ ತೆರೆದಿರುವ ಮಾಡೆಲ್ ಆದರೆ ಇಲಿ ತಡೆಯುವ ಜಾಲರಿಯನ್ನು ಅಂದೇ ಕೇಳಿ ಹಾಕಿಸಿಕೊಳ್ಳಿ. ಕೊಯ್ಲಿನ ಕಾಲದಲ್ಲಿ ಅಡಿಕೆ ಹಿಂದೆ ಬಂದ ಇಲಿ ವೈರು ಕಡಿದರೆ ವಾರಂಟಿ ಸಿಗುವುದಿಲ್ಲ.

ಗೀಸರ್: 2000 ವ್ಯಾಟ್ ಎಂದರೆ 8.7 ಆಂಪಿಯರ್, 3000 ವ್ಯಾಟಿನ ಇನ್‌ಸ್ಟಂಟ್ ಗೀಸರ್ ಎಂದರೆ 13 ಆಂಪಿಯರ್. ಎರಡೂ ದೊಡ್ಡ, 16 ಆಂಪಿಯರ್ ಸಾಕೆಟ್ಟಿಗೇ ಹೋಗಬೇಕು. ಮೇನ್ ಬೋರ್ಡಿನಿಂದ ನೇರ ಎಳೆದ ಬೇರೆ ಲೈನು, ಕನಿಷ್ಠ 2.5, ದೂರವಿದ್ದರೆ 4 ಚದರ ಮಿಲಿಮೀಟರ್ ತಾಮ್ರದ ವೈರು ಬೇಕು. ಸಣ್ಣ ಸಾಕೆಟ್ಟಿಗೆ ಅಡಾಪ್ಟರ್ ಸಿಕ್ಕಿಸಿದರೆ ಕೆಲವೇ ತಿಂಗಳಲ್ಲಿ ಪ್ಲಗ್ಗಿನ ಪಿನ್ನು ಕಪ್ಪಾಗುತ್ತದೆ. 8 ಬಾರ್ ತಡೆಯುತ್ತದೆ ಎಂದು ಅಂಗಡಿಯವರು ಹೆಚ್ಚಿನ ಬೆಲೆಯ ಮಾಡೆಲ್ ತೋರಿಸಿದರೆ ನಗುತ್ತಾ ಮುಂದೆ ಹೋಗಿ. ಅದು ಬಹುಮಹಡಿ ಕಟ್ಟಡಕ್ಕೆ, ಪ್ರೆಷರ್ ಪಂಪ್ ಇರುವ ಮನೆಗೆ. ಗ್ಯಾಸ್ ಗೀಸರನ್ನು ಬಚ್ಚಲಿನ ಒಳಗೆ ಹಾಕಿಸಲೇಬೇಡಿ. ಚಳಿಗೆ ಕಿಟಕಿ ಮುಚ್ಚಿ ಸ್ನಾನ ಮಾಡುವಾಗ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಪ್ರಾಣವೇ ಹೋಗುತ್ತದೆ. ಹೊರಗೋಡೆಗೆ ಹಾಕಿಸಿ, ಬಿಸಿನೀರಿನ ಪೈಪು ಮಾತ್ರ ಒಳಗೆ ಬರಲಿ. ಹಾಗೆ ನೋಡಿದರೆ ದರಗಿನಲ್ಲಿ ಉರಿಯುವ ಹಂಡೆ ಒಲೆ ಇರುವವರು ಅದನ್ನು ಕೀಳಿಸುವ ಆತುರ ಮಾಡದಿರುವುದೇ ಒಳ್ಳೆಯದು. ಮೂರು ದಿನ ಕರೆಂಟಿಲ್ಲದಾಗ ಅದರ ಬೆಲೆ ಗೊತ್ತಾಗುತ್ತದೆ.

ಫ್ರಿಜ್: ‘ಸ್ಟೆಬಿಲೈಸರ್ ಬೇಡ’ ಎಂದು ಡಬ್ಬದ ಮೇಲೆ ಬರೆದಿದ್ದರೆ ಅದರ ಪಕ್ಕದಲ್ಲೇ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಎಂದೂ ಇರುತ್ತದೆ. ನಿಮ್ಮ ಚೀಟಿಯ ಅಂಕಿ ಅದರೊಳಗೆ ಬಂದರೆ ಸರಿ. ಇಲ್ಲವಾದರೆ ಸ್ಟೆಬಿಲೈಸರ್ ಬೇಕೇ ಬೇಕು, ಅದೂ ಕರೆಂಟು ಬಂದ ಮೇಲೆ ಎರಡು ಮೂರು ನಿಮಿಷ ತಡೆದು ಕೊಡುವಂಥದ್ದು. ಕ್ಷಣಕ್ಷಣಕ್ಕೆ ಹೋಗಿ ಬರುವ ಕರೆಂಟು ಕಂಪ್ರೆಸರಿಗೆ ವಿಷ. ಸಾಗಿಸುವಾಗ ನಿಲ್ಲಿಸಿಯೇ ತರಬೇಕು. ಪಿಕಪ್‌ನಲ್ಲಿ ಮಲಗಿಸಿ ತಂದಿದ್ದರೆ ನಿಲ್ಲಿಸಿ ಮೂರ್ನಾಲ್ಕು ಗಂಟೆ ಬಿಟ್ಟು ಆಮೇಲೆ ಪ್ಲಗ್ ಹಾಕಿ. ಕಂಪ್ರೆಸರಿನ ಎಣ್ಣೆ ಪೈಪಿಗೆ ಹರಿದಿರುತ್ತದೆ, ಅದು ಇಳಿಯಬೇಕು.

ಇನ್ವರ್ಟರ್: ಅಂಗಡಿಯಲ್ಲಿ ಹೇಳುವ ‘ಎಂಟು ಗಂಟೆ ಬರುತ್ತೆ’ ಎಂಬ ಮಾತಿಗೆ ಲೋಡು ಹೇಳದಿದ್ದರೆ ಅರ್ಥವಿಲ್ಲ. ಲೆಕ್ಕ ಸುಲಭ. 150 ಎಎಚ್ (ಆಂಪಿಯರ್-ಗಂಟೆ) ಬ್ಯಾಟರಿ, 12 ವೋಲ್ಟ್: ಗುಣಿಸಿದರೆ 1800 ವ್ಯಾಟ್-ಗಂಟೆ. ಪೂರ್ತಿ ಹೀರಬಾರದು, ಇನ್ವರ್ಟರಿನಲ್ಲೂ ಒಂದಷ್ಟು ಸೋರುತ್ತದೆ. ಕೈಗೆ ಸಿಗುವುದು 1100 ಎಂದಿಟ್ಟುಕೊಳ್ಳಿ. 70 ವ್ಯಾಟಿನ ಎರಡು ಹಳೆಯ ಫ್ಯಾನು, 10 ವ್ಯಾಟಿನ ನಾಲ್ಕು ಬಲ್ಬು, 10 ವ್ಯಾಟಿನ ರೂಟರು ಸೇರಿ 190 ವ್ಯಾಟ್, ಆರು ಗಂಟೆಯೂ ತುಂಬುವುದಿಲ್ಲ. ಅದೇ ಫ್ಯಾನುಗಳ ಜಾಗದಲ್ಲಿ ಕಡಿಮೆ ಕರೆಂಟು ಎಳೆಯುವ, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನು ಹಾಕಿದರೆ ಲೋಡು 110 ವ್ಯಾಟ್, ಹತ್ತು ಗಂಟೆ. ದೊಡ್ಡ ಬ್ಯಾಟರಿಗಿಂತ ಫ್ಯಾನು ಬದಲಿಸುವುದು ಜಾಣತನ. ಬ್ಯಾಟರಿಯ ಮೇಲಿನ ತಯಾರಿಕೆಯ ತಿಂಗಳು ನೋಡಿ, ಆರು ತಿಂಗಳು ಅಂಗಡಿಯಲ್ಲೇ ಕೂತದ್ದನ್ನು ಒಪ್ಪಬೇಡಿ.

ಮೊಬೈಲು

ಕ್ಯಾಮೆರಾ, ಬಣ್ಣ ಆಮೇಲೆ. ನಿಮ್ಮ ಮನೆಯ ಜಗಲಿಯಲ್ಲಿ ಯಾವ ಸಿಮ್ಮಿಗೆ ಸಿಗ್ನಲ್ ಬರುತ್ತದೆ ಎಂಬುದು ಮೊದಲು. ಕಡಿಮೆ ಫ್ರೀಕ್ವೆನ್ಸಿಯ ಅಲೆಗಳು ದೂರ ಹೋಗುತ್ತವೆ, ಮರಗಳ ನಡುವೆಯೂ ನುಸುಳುತ್ತವೆ. ಹೆಚ್ಚಿನವು ವೇಗ ಕೊಡುತ್ತವೆ, ಆದರೆ ಒಂದು ಗುಡ್ಡ ಅಡ್ಡ ಬಂದರೆ ಸುಸ್ತು. ಬಿಎಸ್‌ಎನ್‌ಎಲ್‌ನ 4ಜಿ 700 ಮತ್ತು 2100 ಮೆಗಾಹರ್ಟ್ಸ್‌ನಲ್ಲಿದೆ. ಫೋನಿನ ವಿವರಗಳಲ್ಲಿ ಈ ಫ್ರೀಕ್ವೆನ್ಸಿಗಳನ್ನು ಬ್ಯಾಂಡ್ ಎಂಬ ಸಂಖ್ಯೆಯಿಂದ ಗುರುತಿಸುತ್ತಾರೆ: 700 ಅಂದರೆ ಬ್ಯಾಂಡ್ 28. ಅದಿಲ್ಲದ ಫೋನಿಗೆ ಟವರ್ ಎದುರು ಗುಡ್ಡದಲ್ಲೇ ಇದ್ದರೂ ಪೂರ್ತಿ ಪ್ರಯೋಜನ ಸಿಗುವುದಿಲ್ಲ. ಜಿಯೋಗೆ 850, ಅಂದರೆ ಬ್ಯಾಂಡ್ 5. ಏರ್‌ಟೆಲ್‌ಗೆ 900, ಅಂದರೆ ಬ್ಯಾಂಡ್ 8. ಫೋನಿನ ಕಂಪನಿಯ ವೆಬ್‌ಸೈಟಿನಲ್ಲಿ ನೆಟ್‌ವರ್ಕ್ ಬ್ಯಾಂಡ್ ಎಂಬ ಸಾಲಿನಲ್ಲಿ ಇದು ಸಿಗುತ್ತದೆ. ಮನೆಯೊಳಗೆ ಸಿಗ್ನಲ್ಲೇ ಇಲ್ಲ, ಬ್ರಾಡ್‌ಬ್ಯಾಂಡ್ ಇದೆ ಎಂದಾದರೆ ವೈಫೈ ಕಾಲಿಂಗ್ ಇರುವ ಫೋನೇ ಬೇಕು. ಆಗ ಮಾತಾಡಲು ಅಂಗಳದ ತುದಿಗೆ ಓಡುವ ಕೆಲಸ ತಪ್ಪುತ್ತದೆ.

ಅಂಗಡಿಯಲ್ಲಿ ಡಬ್ಬ ನಿಮ್ಮ ಕಣ್ಣೆದುರೇ ಒಡೆಯಲಿ. ಡಬ್ಬದ ಮೇಲೆ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಾದ ಅಥವಾ ಆಮದಾದ ತಿಂಗಳು-ವರ್ಷ, ತಯಾರಕರ ಅಥವಾ ಆಮದುದಾರರ ವಿಳಾಸ ಇರಬೇಕು. ಇಲ್ಲದಿದ್ದರೆ ಅದು ಹಿಂಬಾಗಿಲಿನಿಂದ ಬಂದ ಮಾಲು, ಇಲ್ಲಿ ವಾರಂಟಿ ಸಿಗುವುದು ಕಷ್ಟ. ಫೋನ್ ಆನ್ ಮಾಡಿ *#06# ಒತ್ತಿ. ಆ ಫೋನಿನದೇ ಗುರುತಿನ ಸಂಖ್ಯೆ, 15 ಅಂಕಿಯ ಐಎಂಇಐ ಬರುತ್ತದೆ, ಎರಡು ಸಿಮ್ ಇದ್ದರೆ ಎರಡು. ಪರದೆ, ಡಬ್ಬ, ಬಿಲ್ಲು ಮೂರರಲ್ಲೂ ಅದೇ ಸಂಖ್ಯೆ ಇರಬೇಕು. ನೀರು ತಡೆಯುತ್ತದೆ ಎಂದು ಐಪಿ68 ಬರೆದಿದ್ದರೂ ನೀರು ಹೊಕ್ಕು ಕೆಟ್ಟರೆ ಸಾಮಾನ್ಯವಾಗಿ ವಾರಂಟಿ ಕೊಡುವುದಿಲ್ಲ. ಕಂಬಳಿಕೊಪ್ಪೆಯೊಳಗೆ ಇಟ್ಟುಕೊಂಡು ತೋಟಕ್ಕೆ ಹೋಗುವವರು ಈ ಮಾತು ನೆನಪಿಟ್ಟರೆ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಫೋನಿಗೆ ಇನ್ನಷ್ಟು ಎಚ್ಚರ ಬೇಕು. ಸಂದೇಶದಲ್ಲಿ ಕೆ, ವೈ, ಎಂ ಎಂಬ ಮೂರು ಇಂಗ್ಲಿಷ್ ಅಕ್ಷರ, ಒಂದು ಜಾಗ ಬಿಟ್ಟು ಐಎಂಇಐ ಹೊಡೆದು 14422ಕ್ಕೆ ಕಳಿಸಿ. 2023ರಲ್ಲಿ ಶುರುವಾದ, ಕೇಂದ್ರ ಸರ್ಕಾರದ ಸಂಚಾರ್ ಸಾಥಿ ತಾಣದಲ್ಲೂ ನೋಡಬಹುದು. ಕಪ್ಪುಪಟ್ಟಿಯಲ್ಲಿದೆ, ನಕಲಿ ಸಂಖ್ಯೆ, ಈಗಾಗಲೇ ಬಳಕೆಯಲ್ಲಿದೆ ಎಂಬ ಉತ್ತರಗಳಲ್ಲಿ ಯಾವುದು ಬಂದರೂ ಹಣ ಕೊಡಬೇಡಿ. ಕದ್ದ ಫೋನು ಯಾವತ್ತಾದರೂ ಬ್ಲಾಕ್ ಆಗುತ್ತದೆ, ಆಮೇಲೆ ಪೊಲೀಸ್ ಠಾಣೆಗೆ ಅಲೆಯುವವರು ನೀವು. ಮಾರುವವರೇ ತಮ್ಮ ಗೂಗಲ್ ಅಥವಾ ಆಪಲ್ ಖಾತೆಯಿಂದ ಹೊರಬಂದು, ನಿಮ್ಮೆದುರು ರೀಸೆಟ್ ಮಾಡಿ, ಹೊಸದಾಗಿ ಶುರುವಾಗುವವರೆಗೂ ಕಾಯಿರಿ. ಹಳೆಯ ಖಾತೆಯ ಪಾಸ್‌ವರ್ಡ್ ಕೇಳಿದರೆ ವ್ಯವಹಾರ ನಿಲ್ಲಿಸಿ. ಕಂತು ಬಾಕಿಯಿರುವ ಫೋನುಗಳನ್ನು ಸಾಲ ಕೊಟ್ಟವರು ದೂರದಿಂದಲೇ ಲಾಕ್ ಮಾಡುವುದುಂಟು; ಸಾಲ ತೀರಿದ ಪತ್ರ ಕೇಳಿ. ಸಿಮ್ ಟ್ರೇ ತೆಗೆದು ಒಳಗೆ ಟಾರ್ಚ್ ಬಿಟ್ಟರೆ ಹಲವು ಮಾಡೆಲ್‌ಗಳಲ್ಲಿ ನೀರಿನ ಗುರುತು ಕಾಣುತ್ತದೆ. ಬಿಳಿ ಇದ್ದರೆ ಸರಿ, ಕೆಂಪಾಗಿದ್ದರೆ ಅದು ಒಮ್ಮೆ ಮುಳುಗಿ ಎದ್ದ ಫೋನು. ಕ್ಯಾಮೆರಾ ಗಾಜಿಗೆ ಬೂಷ್ಟು ಹಿಡಿದಿದೆಯೇ ಎಂದೂ ಬೆಳಕಿಗೆ ಹಿಡಿದು ನೋಡಿ, ಜೇಡರ ಬಲೆಯಂಥ ಎಳೆ ಕಂಡರೆ ಒರೆಸಿದರೆ ಹೋಗುವುದಲ್ಲ ಅದು.

ಬಿಲ್ಲು, ಕಂತು, ಆನ್‌ಲೈನು

‘ಬಿಲ್ ಬೇಡ ಅಂದ್ರೆ ಸಾವಿರ ಕಡಿಮೆ ಮಾಡ್ತೀನಿ’ ಎಂಬ ಮಾತಿಗೆ ಒಪ್ಪಿದರೆ ಆ ಸಾವಿರದ ಜೊತೆ ವಾರಂಟಿಯೂ ದೂರು ಕೊಡುವ ದಾರಿಯೂ ಹೋಯಿತು. ಬಿಲ್ಲಿನಲ್ಲಿ ಅಂಗಡಿಯ 15 ಅಕ್ಷರದ ಜಿಎಸ್‌ಟಿ ಸಂಖ್ಯೆ ಇರಬೇಕು, ಕರ್ನಾಟಕದ್ದಾದರೆ ಅದು 29ರಿಂದ ಶುರುವಾಗುತ್ತದೆ. ಮಾಡೆಲ್, ಸೀರಿಯಲ್ ನಂಬರ್ ಅಥವಾ ಐಎಂಇಐ, ತಾರೀಖು ಬರೆಸಿಕೊಳ್ಳಿ. ‘ಎಸ್ಟಿಮೇಟ್’ ಎಂದು ಬರೆದ ಚೀಟಿ ಬಿಲ್ಲಲ್ಲ. ಥರ್ಮಲ್ ಕಾಗದದ ಬಿಲ್ಲು ಎರಡು ಮಳೆಗಾಲದಲ್ಲಿ ಬಿಳಿಚಿಕೊಳ್ಳುತ್ತದೆ, ಅವತ್ತೇ ಫೋಟೊ ತೆಗೆದು ಇಮೇಲಿಗೆ ಕಳಿಸಿಡಿ.

‘ಬಡ್ಡಿಯಿಲ್ಲದ ಕಂತು’ ಎಂಬುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ಬಡ್ಡಿ ಸಂಸ್ಕರಣಾ ಶುಲ್ಕದಲ್ಲೋ, ಕೈತಪ್ಪಿದ ನಗದು ರಿಯಾಯಿತಿಯಲ್ಲೋ ಅಡಗಿರುತ್ತದೆ. ಒಂದೇ ಪ್ರಶ್ನೆ ಕೇಳಿ: ಪೂರ್ತಿ ದುಡ್ಡು ಈಗಲೇ ಕೊಟ್ಟರೆ ಎಷ್ಟು? ಆ ಮೊತ್ತಕ್ಕೂ ಕಂತುಗಳ ಒಟ್ಟು ಜೊತೆಗೆ ಶುಲ್ಕಕ್ಕೂ ಇರುವ ವ್ಯತ್ಯಾಸವೇ ಬಡ್ಡಿ. ಸಾಲದ ಕಾಗದದಲ್ಲಿ ನೀವು ಕೇಳದ ಇನ್ಶೂರೆನ್ಸ್ ಸೇರಿದೆಯೇ ಎಂದೂ ನೋಡಿ.

ಆನ್‌ಲೈನಿನಲ್ಲಿ ತರಿಸುವ ಮೊದಲು ಆ ಕಂಪನಿಯ ಸರ್ವಿಸ್ ನಿಮ್ಮ ಪಿನ್‌ಕೋಡಿಗೆ ಬರುತ್ತದೆಯೇ ಎಂದು ಕಂಪನಿಗೇ ಕೇಳಿ. ಶಿವಮೊಗ್ಗ ನಗರಕ್ಕೆ ಬರುವವರು ತೀರ್ಥಹಳ್ಳಿಯ ಆಚೆಗೆ ಪ್ರಯಾಣದ ಖರ್ಚು ಕೇಳುವುದುಂಟು. ಪಾರ್ಸೆಲ್ ಬಂದಾಗ ವಿಳಾಸದ ಚೀಟಿಯಿಂದ ಶುರುಮಾಡಿ ಸಾಮಾನು ಹೊರಬರುವವರೆಗೆ ಎಲ್ಲೂ ಕಡಿಯದ ಒಂದೇ ವಿಡಿಯೊ ಮಾಡಿ. ಡಬ್ಬ ಒಡೆದು ತೋರಿಸುವ ವ್ಯವಸ್ಥೆ ಇದ್ದರೆ ಸಾಮಾನು ನೋಡುವ ಮುಂಚೆ ಒಟಿಪಿ ಹೇಳಬೇಡಿ. ಕೆಟ್ಟಾಗ ಕಸ್ಟಮರ್ ಕೇರ್ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ವಂಚಕರ ನಂಬರುಗಳೂ ಸೇರಿಕೊಂಡಿವೆ. ವಾರಂಟಿ ಕಾರ್ಡಿನಲ್ಲಿರುವುದಕ್ಕೇ ಮಾಡಿ. ವಂಚನೆಯಿಂದ ಹಣ ಹೋಗಿಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ತಕರಾರಾದರೆ

‘ಒಮ್ಮೆ ಮಾರಿದ ವಸ್ತು ವಾಪಸ್ ಪಡೆಯುವುದಿಲ್ಲ’ ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಹೆದರಬೇಡಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ, ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲು ಕೊಡದಿರುವುದೂ ಅದೇ. ದೋಷವಿಲ್ಲದೆ ಬಣ್ಣ ಇಷ್ಟವಾಗಲಿಲ್ಲ ಎಂದು ವಾಪಸ್ ಕೊಡಲು ಹೋದರೆ ಮಾತ್ರ ಈ ಕಾಯ್ದೆ ನೆರವಿಗೆ ಬಾರದು.

ಮೊದಲು ಅಂಗಡಿಗೂ ಕಂಪನಿಗೂ ಬರಹದಲ್ಲಿ ದೂರು ಕೊಡಿ, ದೂರಿನ ಸಂಖ್ಯೆ ಪಡೆಯಿರಿ. ಮೆಕ್ಯಾನಿಕ್ ಬಂದು ಹೋದಾಗಲೆಲ್ಲ ಏನು ಮಾಡಿದರೆಂದು ಬರೆದ ಜಾಬ್ ಶೀಟ್ ಕೇಳಿ. ‘ಸರಿ ಮಾಡಿದೀನಿ’ ಎಂಬ ಬಾಯಿಮಾತು ಮುಂದೆ ಸಾಕ್ಷಿಯಾಗುವುದಿಲ್ಲ. ಆಮೇಲೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಶಿವಮೊಗ್ಗದ ಜಿಲ್ಲಾ ಗ್ರಾಹಕ ಆಯೋಗ. ಸಾಮಾನು ಬೆಂಗಳೂರಿನಿಂದ ಬಂದಿದ್ದರೂ ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡುವ ಹಕ್ಕು ನಿಮಗಿದೆ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ, ಇ-ಜಾಗೃತಿ ತಾಣದಲ್ಲಿ ಮನೆಯಿಂದಲೇ ಸಲ್ಲಿಸಬಹುದು. ಗಡುವು ತಕರಾರು ಹುಟ್ಟಿದ ದಿನದಿಂದ ಎರಡು ವರ್ಷ. ಬಿಲ್ಲು, ವಾರಂಟಿ ಕಾರ್ಡು, ಜಾಬ್ ಶೀಟುಗಳು, ವಿಡಿಯೊ, ಜೊತೆಗೆ ಮೊದಲು ಬರೆದಿಟ್ಟ ಆ ವೋಲ್ಟೇಜ್ ಚೀಟಿಯನ್ನೂ ಲಗತ್ತಿಸಿ. ಕೆಟ್ಟದ್ದು ನಿಮ್ಮ ಮನೆಯ ಕರೆಂಟಿನಿಂದ ಎಂದು ಎದುರಿನವರು ಹೇಳಿದಾಗ ಅದಕ್ಕೆ ಉತ್ತರ ಆ ಚೀಟಿಯಲ್ಲಿರುತ್ತದೆ.